ಬಸ್ಸಾರು ಕಾಣದ ಭಿತ್ತಿಪತ್ರ



ಪೌಷ್ಟಿಕ ಆಹಾರದ ಬಗ್ಗೆ ಅಚ್ಚಾಗಿ ಬರುವ ಭಿತ್ತಿಪತ್ರಗಳನ್ನು ಒಮ್ಮೆ ನಿಂತು ನೋಡಿ. ಸೇಬು, ದ್ರಾಕ್ಷಿ, ಬಾದಾಮಿ ಎದ್ದು ಕಾಣುತ್ತವೆ. ನಮ್ಮ ರಾಗಿ ಮುದ್ದೆ ಎಲ್ಲಿ? ಬಸ್ಸಾರು, ಉಪ್ಸಾರು ಎಲ್ಲಿ? ಹೊಲದ ಬದುವಿನಲ್ಲಿ ಕಾಸಿಲ್ಲದೆ ಸಿಗುವ ಅಣ್ಣೆಸೊಪ್ಪು, ಹೊನಗೊನೆ ಎಲ್ಲಿ? ಸೇಬು ಕೊಳ್ಳಲಾಗದ ತಾಯಿ ಅದನ್ನು ನೋಡಿ, ಇದು ಉಳ್ಳವರ ಮಾತು ಅಂದುಕೊಂಡರೆ ತಪ್ಪು ಆಕೆಯದಲ್ಲ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ದಾಟುವುದಿಲ್ಲ. ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿದ್ದು ಇಲ್ಲೇ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಇಂಥ ಜಿಲ್ಲೆಯ ಗೋಡೆಗೆ ಸೇಬಿನ ಚಿತ್ರ ಯಾಕೆ ಬೇಕು?

ಚಿತ್ರ ಬದಲಾದರೆ ಸಾಲದು, ಮಾತೂ ಬದಲಾಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 44.8 ಇತ್ತು. ಇಷ್ಟು ವರ್ಷ ಕರಪತ್ರ ಹಂಚಿದ ಮೇಲೂ ಏರಿದೆ ಅನ್ನುವುದು ನನಗೆ ಬಹಳ ನೋವಿನ ಸಂಗತಿ. ಕರಪತ್ರ ಒಂದರಿಂದಲೇ ರಕ್ತಹೀನತೆ ಇಳಿಯುವುದಿಲ್ಲ, ನಿಜ. ಆದರೂ ‘ಕಬ್ಬಿಣಾಂಶ ಸಮೃದ್ಧ ಆಹಾರ ಸೇವಿಸಿ’ ಅಂತ ಬರೆದರೆ ಅಡುಗೆಮನೆಯಲ್ಲಿ ಏನು ಮಾಡಬೇಕು? ‘ಸೊಪ್ಪಿನ ಸಾರಿಗೆ ಉಣ್ಣುವಾಗ ನಿಂಬೆಹಣ್ಣು ಹಿಂಡಿ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಬೇಡ’ ಅಂತ ಬರೆಯಿರಿ. ನಿಂಬೆಯ ಹುಳಿ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ, ಟೀಯ ಒಗರು ತಡೆಯುತ್ತದೆ. ಸೊಪ್ಪು ಕಾಳು ಬೇಯಿಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿ ಸರಿಯಾದದ್ದೇ ಎಂಬುದನ್ನೂ ಸೇರಿಸಿ. ಆ ನೀರಿಗಿಳಿದ ಸತ್ವ ಹೊಟ್ಟೆಗೇ ಸೇರುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಕರಡನ್ನು ನಾಲ್ಕಾರು ಬಸುರಿ, ಬಾಣಂತಿಯರಿಗೆ ತೋರಿಸಬೇಕು. ‘ಅರ್ಥವಾಯಿತಾ?’ ಅಂತ ಕೇಳಿದರೆ ಹೂಂ ಅಂತಾರೆ. ‘ಇದನ್ನು ನೋಡಿ ನಾಳೆ ಮನೆಯಲ್ಲಿ ಏನು ಮಾಡ್ತೀಯಮ್ಮ?’ ಅಂತ ಕೇಳಬೇಕು. ಅತ್ತೆಯನ್ನೂ ಕೂರಿಸಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ತೀರ್ಮಾನ ಅವರದೇ. ಊಟದ ಜೊತೆ ಮಾತ್ರೆಯ ಮಾತೂ ಬೇಕು. ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡುವವರಿದ್ದಾರೆ. ‘ಕಪ್ಪಗಾದರೆ ಹೆದರಬೇಡಿ, ಮಾತ್ರೆ ನಿಲ್ಲಿಸಬೇಡಿ’ ಅನ್ನುವ ಸಾಲು ಬಸುರಿಯರಿಗೆ ತಾಯಿ ಕಾರ್ಡ್ ಜೊತೆ ಕೊಡುವ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇರಲಿ. ಸೆಪ್ಟೆಂಬರ್‌ನ ಪೋಷಣ್ ಮಾಸಕ್ಕೆ ಹೊಸ ಹಾಳೆ ಬರೆಯುವಾಗ ನಮ್ಮೂರು ಬಸರಾಳಿನ ಅಂಗನವಾಡಿ ಟೀಚರುಗಳು, ಆಶಾ ಅಕ್ಕಂದಿರು ಇದನ್ನೆಲ್ಲ ಪಟ್ಟು ಹಿಡಿದು ಕೇಳಬೇಕು.