ನಾಲಿಗೆಗೆ ತಾಗುವ ಮರ



ಹಿತ್ತಲಲ್ಲಿ ನಾಯಿಗೊಂದು ಮನೆ, ಮೊಲಕ್ಕೊಂದು ಗೂಡು ಮಾಡಿಸಬೇಕು ಅಂದಾಗ ನಾವು ಮೊದಲು ಕೇಳೋದು ರೇಟು, ಆಮೇಲೆ ಗೆದ್ದಲಿನ ಮಾತು. ಒಳಗಿರುವ ಪ್ರಾಣಿ ಮಾತ್ರ ಮರವನ್ನು ಬಾಯಲ್ಲೇ ಪರೀಕ್ಷೆ ಮಾಡುತ್ತದೆ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿದು ಕಡಿದು ಸವೆಸಲೇಬೇಕು. ಹಲ್ಲು ಬರುವ ನಾಯಿಮರಿಗೆ ಬಾಗಿಲಿನ ಮೂಲೆಯೇ ಎಲುಬು. ನಮ್ಮ ಮನೆಯ ಗೂಡಿನ ಚೌಕಟ್ಟು ಆರು ತಿಂಗಳಲ್ಲಿ ಇಲಿ ತಿಂದ ರೊಟ್ಟಿಯ ಹಾಗೆ ಅಂಚು ಕಳೆದುಕೊಂಡಿತ್ತು. ಆ ಸಿಬಿರೆಲ್ಲ ಎಲ್ಲಿಗೆ ಹೋಯಿತು? ಹೊಟ್ಟೆಗೆ.

ಹಾಗಾಗಿ ಮರದ ಜಾತಿ ಕೇಳುವುದಕ್ಕೂ ಮುಂಚೆ ಅದು ಈ ಹಿಂದೆ ಏನಾಗಿತ್ತು ಅಂತ ಕೇಳಿ. ಗೂಡಿಗೆ ಅಂತ ಹೊಸ ಮರ ತರುವವರು ಕಡಿಮೆ. ಕೆಡವಿದ ಮನೆಯ ಬಾಗಿಲು ಸಿಕ್ಕಿರುತ್ತದೆ, ಅದರ ಮೇಲೆ ನಾಲ್ಕು ತಲೆಮಾರಿನ ಬಣ್ಣ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ನಂಬಬೇಡಿ. ಹಳೆಯ ರೈಲ್ವೆ ಸ್ಲೀಪರ್ ಗಟ್ಟಿ ನಿಜ, ಆದರೆ ಕ್ರಿಯೋಸೋಟ್ ಕುಡಿಸಿದ್ದಾದರೆ ಬೇಸಿಗೆಯಲ್ಲಿ ಕರಿ ಜಿಡ್ಡು ಒಸರುತ್ತದೆ. ಅದು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ವಿಷ. ಹಸಿರು ಛಾಯೆಯ ಮರ ಕಂಡರೂ ಅನುಮಾನ ಇರಲಿ. ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಗುರುತಾಗಿರಬಹುದು. ಮರ ಕೆಡದಂತೆ ಮಾಡುವ ಈ ಉಪಾಯವನ್ನು 1933ರಲ್ಲಿ ಕಂಡುಹಿಡಿದವರು ನಮ್ಮ ಭಾರತದವರೇ ಆದ ಸೊಂಟಿ ಕಾಮೇಶಂ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು.

ನಮ್ಮ ಬಳ್ಳಾರಿ ಸೀಮೆಯಲ್ಲಿ ತೋರಣಗಲ್ಲಿನಂಥ ಕಾರ್ಖಾನೆಯ ಊರುಗಳಿಗೆ ಯಂತ್ರಗಳ ಜೊತೆ ಬರುವ ಪ್ಯಾಲೆಟ್ ಅಗ್ಗ. ಅದರ ಮೇಲೆ ಸುಟ್ಟು ಒತ್ತಿದ ಗೋಧಿತೆನೆಯ ಮುದ್ರೆ ಹುಡುಕಿ. ಪಕ್ಕದಲ್ಲಿ 'ಎಚ್‌ಟಿ' ಅಂತಿದ್ದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಅಂತ ಅರ್ಥ. 'ಎಂಬಿ' ಇದ್ದರೆ ವಿಷಾನಿಲ ಹಾಯಿಸಿದ್ದು, ಬಿಟ್ಟುಬಿಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಯಾವ ಮುದ್ರೆ ಇದ್ದರೂ ಬೇಡ.

ಇನ್ನು ನಮ್ಮ ನೆಲದ ಮರ. ಬೇವು ಒಳ್ಳೆಯದು: ಕಹಿ, ಗೆದ್ದಲಿಗೆ ಅಷ್ಟು ಸುಲಭಕ್ಕೆ ಬಗ್ಗದು. ಬಳ್ಳಾರಿ ಜಾಲಿ ಹೆಸರಿಗಷ್ಟೇ ನಮ್ಮದು, ಭಾರತಕ್ಕೆ ಬಂದದ್ದು 1877ರಲ್ಲಿ, ಸಾಗರದಾಚೆಯಿಂದ. ಗಟ್ಟಿ ಮರ, ಆದರೆ ಸೊಟ್ಟ. ಮುಳ್ಳು ಚುಚ್ಚಿದರೆ ಕೀವು ತುಂಬಿಕೊಳ್ಳುತ್ತದೆ. ತೊಗಟೆ, ಮುಳ್ಳು ಪೂರ್ತಿ ಕೆತ್ತಿಸಿದರೆ ಗೂಟಕ್ಕೆ ಆದೀತು. ಕಣಗಿಲೆ ಮಾತ್ರ ಬೇಡವೇ ಬೇಡ. ಹೆದ್ದಾರಿ ನಡುವೆ ಹೂಬಿಟ್ಟು ನಿಂತ ಅದೇ ಗಿಡ, ಒಣಗಿದ ಮೇಲೂ ಹೃದಯಕ್ಕೆ ವಿಷ. ಕಳ್ಳಿಯ ಬೇಲಿಯೂ ಹತ್ತಿರ ಬೇಡ, ಹಾಲು ಕಣ್ಣಿಗೆ ಸಿಡಿದರೆ ಕಷ್ಟ. ಸಂಡೂರಿನ ಗುಡ್ಡದ ಕಾಡಿಗೆ ಕೊಡಲಿ ಹಿಡಿದು ಹೋಗುವುದಂತೂ ಅಪರಾಧ.

ಕಂಪ್ಲಿ ಕಡೆ ಗದ್ದೆಯ ತೇವ, ಗೂಟದ ಬುಡ ಬೇಗ ಕೊಳೆಯುತ್ತದೆ. ಅದಕ್ಕೆ ಸುಟ್ಟ ಆಯಿಲ್ ಬಳಿಯುವ ರೂಢಿ ಇದೆ. ದಯವಿಟ್ಟು ಬೇಡ, ಪ್ರಾಣಿ ನೆಕ್ಕುತ್ತದೆ. ಮರವನ್ನು ಮಣ್ಣಿಗೇ ತಾಗಿಸದಿದ್ದರೆ ಈ ತಂಟೆಯೇ ಇರದು. ಹಂಪಿಯ ಅರಮನೆ ಆವರಣದ ಸಭಾಂಗಣಕ್ಕೆ ಹೋಗಿ ನೋಡಿ: ಕಲ್ಲಿನ ಜಗಲಿ ಉಳಿದಿದೆ, ಮೇಲಿದ್ದ ನೂರು ಮರದ ಕಂಬ ಹೋಗಿ ಅವುಗಳ ಗುಳಿ ಮಾತ್ರ ಇವೆ. ಕಲ್ಲಿಗೆ ಕೊಳೆಯುವ ಭಯವಿಲ್ಲ. ಗೂಡಿಗೆ ಅಷ್ಟೆತ್ತರದ ಜಗಲಿ ಬೇಡ, ಒಂದು ಗೇಣು ಕಲ್ಲು ಸಾಕು. ನಮ್ಮಲ್ಲಿ ಕಲ್ಲಿಗೇನು ಬರವೇ!

ಕೊನೆಗೆ ಬಾಗಿಲು. ದರೋಜಿ, ಹಂಪಿ, ಸಂಡೂರಿನ ಗುಡ್ಡಗಳಲ್ಲಿ ಚಿರತೆ ಇದೆ. ನಾಯಿ ಅದಕ್ಕೆ ಇಷ್ಟದ ಊಟ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಪಂಜ ತಳ್ಳಿದರೆ ಮುಗಿಯಿತು. ಹೊರಕ್ಕೆ ತೆರೆಯುವಂತೆ ಕೂಡಿಸಿ, ಮೇಲೊಂದು ಕೆಳಗೊಂದು ಚಿಲಕ ಹಾಕಿಸಿ.