ರಕ್ತನಾಳದ ಗೋಡೆ ಹೇಳುವ ಪಾಠ



ರಕ್ತನಾಳವನ್ನು ನಲ್ಲಿಯ ಪೈಪಿಗೆ ಹೋಲಿಸುವುದು ವಾಡಿಕೆ. ಆದರೆ ಪೈಪು ನಿರ್ಜೀವ ವಸ್ತು, ರಕ್ತನಾಳ ಹಾಗಲ್ಲ. ಅಪಧಮನಿಯ ಗೋಡೆಯ ನಡುಪದರದಲ್ಲಿ ನಯವಾದ ಸ್ನಾಯು ಕೋಶಗಳಿವೆ. ಕೈಕಾಲಿನ ಸ್ನಾಯುಗಳು ನಾವು ಹೇಳಿದಂತೆ ಕೇಳುತ್ತವೆ, ಇವು ಕೇಳುವುದಿಲ್ಲ. ಇವು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಗೊಂಡರೆ ಹಿಗ್ಗುತ್ತದೆ. ನಾಳದ ಒಳವ್ಯಾಸ ಅರ್ಧಕ್ಕಿಳಿದರೆ, ಒತ್ತಡ ಮೊದಲಿನಷ್ಟೇ ಇದ್ದಾಗ, ಹರಿವು ಅರ್ಧವಾಗುವುದಿಲ್ಲ. ಲೆಕ್ಕದ ಪ್ರಕಾರ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಈ ಕೋಶಗಳ ಕೈಯಲ್ಲಿ ಎಷ್ಟು ದೊಡ್ಡ ಹೊಣೆಯಿದೆ ನೋಡಿ.

ಹಾಗಾದರೆ ಇವಕ್ಕೆ 'ಸಡಿಲವಾಗು' ಎಂದು ಹೇಳುವವರು ಯಾರು? ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜೀವಂತ ದೇಹದಲ್ಲಿ ರಕ್ತನಾಳವನ್ನು ಹಿಗ್ಗಿಸುತ್ತಿತ್ತು. ಅವರ ಪಟ್ಟಿಗಳಲ್ಲಿ ಮಾತ್ರ ಬಿಗಿಸುತ್ತಿತ್ತು. 1978ರಲ್ಲಿ ಪ್ರಯೋಗದ ಹಂತಗಳು ಹಿಂದುಮುಂದಾದಾಗ, ಅಂಥದೇ ಗುಣದ ಇನ್ನೊಂದು ರಾಸಾಯನಿಕಕ್ಕೆ ನಾಳ ಸಡಿಲಗೊಂಡಿತು. ಅವರು ಅದನ್ನು ಕೆಟ್ಟ ಪ್ರಯೋಗವೆಂದು ಬದಿಗಿಡಲಿಲ್ಲ, ಕಾರಣ ಹುಡುಕಿದರು. ಪಟ್ಟಿ ಸಿದ್ಧಪಡಿಸುವಾಗ ನಾಳದ ತೀರಾ ತೆಳುವಾದ ಒಳಪೊರೆ ಉಜ್ಜಿಹೋಗುತ್ತಿತ್ತು! ಪೊರೆ ಉಳಿದ ಕಡೆ ನಾಳ ಹಿಗ್ಗುತ್ತಿತ್ತು. ಸ್ನಾಯುವಿಗೆ ಸಂದೇಶ ಕಳಿಸುವುದು ಆ ಒಳಪೊರೆಯೇ ಎಂದು 1980ರಲ್ಲಿ ಪ್ರಕಟಿಸಿದರು.

ಆ ಸಂದೇಶವಾಹಕ ಒಂದು ಅನಿಲ, ನೈಟ್ರಿಕ್ ಆಕ್ಸೈಡ್. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಇದೇ ಅನಿಲದ ಮೂಲಕ ಕೆಲಸ ಮಾಡುತ್ತದೆಂದು ಫರೀದ್ ಮುರಾದ್ 1977ರಲ್ಲೇ ತೋರಿಸಿದ್ದರು. ಇವರಿಬ್ಬರಿಗೂ ಲೂಯಿಸ್ ಇಗ್ನಾರೊ ಅವರಿಗೂ 1998ರ ವೈದ್ಯಕೀಯ ನೊಬೆಲ್ ಬಹುಮಾನ ಬಂತು. 2023ರಲ್ಲಿ ತೀರಿಕೊಂಡ ಮುರಾದ್, ಅಮೆರಿಕಕ್ಕೆ ವಲಸೆ ಬಂದ ಅಲ್ಬೇನಿಯನ್ ಮೂಲದವರೊಬ್ಬರ ಮಗ. ತಂದೆತಾಯಿ ಹೆಚ್ಚು ಓದಿದವರಲ್ಲ, ಸಣ್ಣ ಹೋಟೆಲು ನಡೆಸುತ್ತಿದ್ದರು. ಮಗ ಅಲ್ಲಿ ಪಾತ್ರೆ ತೊಳೆದು, ಬಡಿಸಿ, ಜೊತೆಗೆ ಓದಿದರು. ಪೋಷಕರೇ, ಮನೆಯಲ್ಲಿ ಓದಿದವರಿಲ್ಲ ಎಂಬುದು ಮಕ್ಕಳನ್ನು ಶಾಲೆ ಬಿಡಿಸಲು ಕಾರಣವಾಗಬಾರದು.

ಈ ಕೋಶಗಳಿಗೆ ಇನ್ನೊಂದು ಮುಖವೂ ಇದೆ. ಒಳಪೊರೆಗೆ ಪೆಟ್ಟಾದರೆ ಅವು ತಮ್ಮ ಕಸುಬು ಬಿಟ್ಟು ಸಂಖ್ಯೆಯಲ್ಲಿ ಹೆಚ್ಚಿ, ಒಳಕ್ಕೆ ಸರಿದು ನಾಳವನ್ನು ಕಿರಿದಾಗಿಸುತ್ತವೆ. ಹೃದಯದ ನಾಳ ತೆರೆಯಲು ಇಟ್ಟ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳುವುದಕ್ಕೆ ಇದೂ ಮುಖ್ಯ ಕಾರಣ. ಅದಕ್ಕಾಗಿಯೇ ಈ ಬೆಳವಣಿಗೆ ತಡೆಯುವ ಔಷಧ ಲೇಪಿಸಿದ ಸ್ಟೆಂಟ್‌ಗಳು 2000ದ ದಶಕದ ಆರಂಭದಲ್ಲಿ ಬಳಕೆಗೆ ಬಂದವು. ಬೀಡಿ-ಸಿಗರೇಟಿನ ಹೊಗೆ, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಲ್ಲ ಆ ಒಳಪೊರೆಯನ್ನೇ ಕೆಡಿಸುತ್ತವೆ. ರಕ್ತದೊತ್ತಡ ಏರಿದರೂ ನೋವು ಕಾಣಿಸಬೇಕೆಂದಿಲ್ಲ. ಆದ್ದರಿಂದ ಹಿರಿಯರು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಿ.

ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ನಿಮಗೆ ಬಂದ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ಅಳಿಸಿ, ಗೆಳೆಯನ ರೆಕಾರ್ಡ್ ನೋಡಿ ಬರೆಯಬೇಡಿ. ಬಂದದ್ದನ್ನು ಬಂದಂತೆ ಬರೆಯಿರಿ; ಏಕೆ ಹೀಗಾಯಿತೆಂದು ಮೇಷ್ಟ್ರನ್ನು ಕೇಳಿ. ಶಿಕ್ಷಕರೇ, ಅಂಥ ಪ್ರಶ್ನೆಗೆ ಅಂಕ ಕಡಿಯಬೇಡಿ. ಪ್ರಾಮಾಣಿಕವಾಗಿ ಬರೆದಿಟ್ಟ ಒಂದು ತಪ್ಪು ಪ್ರಯೋಗದಿಂದ ವೈದ್ಯಶಾಸ್ತ್ರಕ್ಕೆ ಇಷ್ಟೊಂದು ತಿಳಿವಳಿಕೆ ಬಂದಿದೆ.