ಹೋಗಿ ನೋಡಿದ್ದೀರಾ?

ಕಳೆದ ವರ್ಷ, ಮುಖವನ್ನೇ ಕಂಡಿರದ ವ್ಯಕ್ತಿಯೊಬ್ಬರೊಡನೆ ನಾನು ಹನ್ನೊಂದು ದಿನ ವಾದ ಮಾಡಿದೆ. ವಾದದ ವಿಷಯ ನಾನು ಹುಟ್ಟಿ ಬೆಳೆದ ಊರಿನ ಒಂದು ಓಣಿ. ದಿಣ್ಣೆಯ ಮೇಲಿನ ಬೀದಿಯಿಂದ ಕೆಳಗಿನ ಪೇಟೆಬೀದಿಗೆ ಇಳಿಯುವ ಆ ಓಣಿಯಲ್ಲಿ ಎತ್ತಿನ ಗಾಡಿಗಳು ಇಳಿಯುತ್ತಿದ್ದುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವನು ನಾನು. ಅದು ಗಾಡಿದಾರಿಯೇ ಸರಿ ಎಂಬುದು ನನ್ನ ಪಕ್ಷ. ಗಾಡಿಯಿರಲಿ, ಸೈಕಲ್ಲೂ ಇಳಿಯಲಾರದು ಎಂಬುದು ಅವರ ಪಕ್ಷ. ಈ ವ್ಯಾಜ್ಯದಲ್ಲಿ ಸೋತವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಸೋಲಿನ ಕಥೆಯನ್ನು ಹೇಳುವ ಮುನ್ನ, ಅದು ನಡೆದ ಅಂಗಳ ಎಂಥದೆಂಬುದನ್ನು ಕೇಳುಗರಿಗೆ ಪರಿಚಯ ಮಾಡಿಕೊಡಬೇಕು.

ನಕ್ಷೆ ಬರೆಯುವುದು ಬಹುಕಾಲ ಆಳುವವರ ಕೆಲಸವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಉಕ್ಕಿನ ಸರಪಳಿ ಹಿಡಿದು ಬೆಂಗಳೂರಿನ ಬಯಲಿನಲ್ಲಿ ಆಧಾರರೇಖೆಯನ್ನು ಅಳೆಯತೊಡಗಿದ. ಗೆದ್ದ ನೆಲವನ್ನು ಅಳೆದು ಬರೆದುಕೊಂಡಲ್ಲದೆ ಆಳುವವನಿಗೆ ನೆಮ್ಮದಿಯಿಲ್ಲ. ಅಂದಿನಿಂದ ಎರಡು ಶತಮಾನಗಳ ಕಾಲ ನಕ್ಷೆಯೆಂಬುದು ನಮ್ಮಲ್ಲಿ ಕಚೇರಿಯ ಬೀರುವಿನೊಳಗಿನ ವಸ್ತುವಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ಅದು ಅಂಗಡಿಯಲ್ಲಿ ಸಿಕ್ಕುತ್ತಿತ್ತೆಂಬುದು ನಿಜ. ಆದರೆ ಅದರ ಹಕ್ಕು ಮಾತ್ರ ಬಲು ಬಿಗಿ. ಅಲ್ಲಿಯ ಸರ್ಕಾರೀ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಗಳನ್ನು ನಕಲು ಮಾಡಿತೆಂಬ ದಾವೆಯಲ್ಲಿ ಆಟೋಮೊಬೈಲ್ ಅಸೋಸಿಯೇಷನ್ನಿನವರು 2001ರಲ್ಲಿ 2 ಕೋಟಿ ಪೌಂಡುಗಳನ್ನು ತೆತ್ತು ರಾಜಿ ಮಾಡಿಕೊಂಡರು. ನಾವೇ ನಡೆದಾಡುವ ಬೀದಿಯ ಆಕಾರಕ್ಕೆ ನಾವೇ ಬೆಲೆ ಕೊಡಬೇಕೆ, ಎಂಬ ಪ್ರಶ್ನೆ ಆ ದೇಶದಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಸ್ಟೀವ್ ಕೋಸ್ಟ್ ಎಂಬ ತರುಣ 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಆರಂಭಿಸಿದ. ಅಂತರಜಾಲದಲ್ಲಿರುವ ಆ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಹೆಸರು ನೋಂದಾಯಿಸಿಕೊಂಡು ಯಾರು ಬೇಕಾದರೂ ತಿದ್ದಬಹುದು. ಹಾಗೆ ಹೆಸರು ಬರೆಸಿದವರು ಇಂದು ಒಂದು ಕೋಟಿಗೂ ಮಿಕ್ಕಿದ್ದಾರೆ. ಹೆಸರು ಬರೆಸಿ ಸುಮ್ಮನಾದವರೇ ಹೆಚ್ಚು ಎಂಬುದನ್ನೂ ಹೇಳಬೇಕು. ನಮ್ಮ ಗ್ರಂಥಾಲಯಗಳ ಸದಸ್ಯತ್ವದ ಹಾಗೆ.

ಯಾರು ಬೇಕಾದರೂ ತಿದ್ದಬಹುದೆಂದರೆ ನಮ್ಮಂಥವರಿಗೆ ಮೊದಲು ಹುಟ್ಟುವುದು ಭಯ. ಹಾಗಿದ್ದರೆ ಯಾರು ಬೇಕಾದರೂ ಕೆಡಿಸಬಹುದಲ್ಲ? ಕೆಡಿಸಬಹುದು. ಕೆಡಿಸಿಯೂ ಇದ್ದಾರೆ. 2018ರ ಆಗಸ್ಟಿನಲ್ಲಿ ಯಾರೋ ಒಬ್ಬ ಕಿಡಿಗೇಡಿ ನ್ಯೂಯಾರ್ಕ್ ನಗರದ ಹೆಸರನ್ನು ಅಳಿಸಿ, ಯೆಹೂದ್ಯರನ್ನು ಹೀಗಳೆಯುವ ಹೆಸರನ್ನು ಬರೆದ. ಸ್ವಯಂಸೇವಕರು ಅದನ್ನು ಬೇಗನೆ ಕಂಡು ಅಳಿಸಿದರು. ಆದರೆ ಅಷ್ಟರಲ್ಲಿ ನಕ್ಷೆಯ ನಕಲನ್ನು ತೆಗೆದುಕೊಂಡಿದ್ದ ವ್ಯಾಪಾರೀ ಸಂಸ್ಥೆಯೊಂದರ ಮೂಲಕ ಆ ಕೊಳಕು ತಿಂಗಳ ಕೊನೆಗೆ ಅನೇಕರ ಫೋನುಗಳಲ್ಲಿ ಕಾಣಿಸಿಕೊಂಡಿತು. ಮೂಲದಲ್ಲಿ ಅಳಿಸಿದ ತಪ್ಪು ನಕಲಿನಲ್ಲಿ ಬದುಕುವುದು ನಮ್ಮ ಹಸ್ತಪ್ರತಿ ಸಂಪಾದಕರಿಗೆ ಹೊಸ ಸಂಗತಿಯೇನಲ್ಲ.

ಈ ನಕ್ಷೆಗೆ ಬೀಗವಿಲ್ಲ, ಕಡತವಿದೆ. ಒಂದು ಗೆರೆಯನ್ನು ಎಳೆದರೂ ಅಳಿಸಿದರೂ ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ ಮಾಡಿದರೆಂಬುದು ದಾಖಲಾಗುತ್ತದೆ. ಹಳೆಯ ರೂಪವೂ ಉಳಿದಿರುತ್ತದೆ; ಬೇಕಾದರೆ ಹಿಂದಕ್ಕೆ ತರಬಹುದು. 2009ರಿಂದ ಈಚೆಗೆ ಒಬ್ಬರು ಒಂದು ಸಲ ಕುಳಿತು ಮಾಡಿದ ತಿದ್ದುಪಡಿಗಳೆಲ್ಲ ಒಂದು ಕಂತೆಯಾಗಿ ಒಂದು ಸಂಖ್ಯೆಯನ್ನು ಪಡೆಯುತ್ತವೆ; ಏಕೆ ತಿದ್ದಿದೆ ಎಂದು ತಿದ್ದಿದವರು ಅದಕ್ಕೆ ಒಂದು ಸಾಲು ಬರೆಯುವುದು ವಾಡಿಕೆ. 2014ರಿಂದ ಆ ಕಂತೆಯ ಕೆಳಗೆ ಬೇರೆಯವರು ಪ್ರಶ್ನೆ ಹಾಕಬಹುದು, ಉತ್ತರ ಪಡೆಯಬಹುದು. ನನ್ನ ಹನ್ನೊಂದು ದಿನಗಳ ವಾದ ನಡೆದದ್ದು ಅಂಥ ಒಂದು ಕಂತೆಯ ಕೆಳಗೆ.

ನಾನು ಆಕಾಶದಿಂದ ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು ಗೆರೆ ಎಳೆದಿದ್ದೆ. ಚಿತ್ರದಲ್ಲಿ ಓಣಿಯ ನಡುಭಾಗವನ್ನು ಹೊಂಗೆಯ ಮರಗಳು ಮುಚ್ಚಿದ್ದವು. ಮುಚ್ಚಿದ ಭಾಗವನ್ನು ನನ್ನ ನೆನಪು ತುಂಬಿತು. ಮೂರನೆಯ ದಿನ ಪ್ರಶ್ನೆ ಬಂತು, ಇಂಗ್ಲಿಷಿನಲ್ಲಿ: ಇದು ವಾಹನ ಹೋಗುವ ದಾರಿಯೆಂಬುದಕ್ಕೆ ಆಧಾರವೇನು? ಆಧಾರ ನಾನೇ ಎಂದು ಉತ್ತರ ಕೊಟ್ಟೆ. ನಾನು ಆ ಬೀದಿಯವನು, ನೀವು ಯಾರು, ಎಂಬ ಧಾಟಿಯೂ ಅದರಲ್ಲಿ ಸೇರಿಕೊಂಡಿತ್ತು. ಅವರು ತಾಳ್ಮೆಗೆಡಲಿಲ್ಲ. ನಾನು ಮತ್ತೆರಡು ಸಲ ನನ್ನ ಬಾಲ್ಯವನ್ನು ಸಾಕ್ಷಿಗೆ ಕರೆದೆ. ಕೊನೆಗೆ ಒಂದು ದಿನ ಅವರು ಇಂಗ್ಲಿಷನ್ನು ಬಿಟ್ಟು ಕನ್ನಡದಲ್ಲಿ ಒಂದೇ ಸಾಲು ಬರೆದರು: “ಸರ್, ಈಚೆಗೆ ಹೋಗಿ ನೋಡಿದ್ದೀರಾ?”

ಹೋಗಿರಲಿಲ್ಲ. ಊರಿಗೆ ಹೋದಾಗಲೆಲ್ಲ ಮೇಲಿನ ಬೀದಿಯಿಂದಲೇ ಹಿಂತಿರುಗಿದವನು ನಾನು. ಮರುದಿನ ಬಸ್ಸು ಹತ್ತಿದೆ. ಕೆಳಗಿನ ಪೇಟೆಬೀದಿಯನ್ನು ಅಗಲಮಾಡುವಾಗ ನೆಲವನ್ನು ಆಳಕ್ಕೆ ಕಡಿದಿದ್ದರು. ಗಾಡಿ ಇಳಿಯುತ್ತಿದ್ದ ಇಳಿಜಾರು ಇದ್ದಲ್ಲಿ ಕಡಿದಾದ ಕಲ್ಲಿನ ಮೆಟ್ಟಿಲುಗಳು. ನಾನು ಅವುಗಳ ತಲೆಯಲ್ಲಿ ನಿಂತು ನೋಡುತ್ತಿದ್ದಾಗ ಮೂಲೆಯ ಮನೆಯ ಹೆಂಗಸೊಬ್ಬರು ಹೊರಗೆ ಬಂದು, “ನೀವೂ ಫೋನು ನೋಡಿಕೊಂಡು ಬಂದಿರಾ?” ಎಂದು ಕೇಳಿದರು. ಹಿಂದಿನ ವಾರ ರಾತ್ರಿ ಒಂದು ಆಟೋ ದಿನ ತುಂಬಿದ ಬಸುರಿಯನ್ನು ಕೂರಿಸಿಕೊಂಡು ಇಲ್ಲಿಯವರೆಗೆ ಬಂದು ಗಕ್ಕನೆ ನಿಂತಿತಂತೆ. ಅಷ್ಟು ಕಿರಿದಾದ ಓಣಿಯಲ್ಲಿ ತಿರುಗಿಸಲು ಜಾಗವಿಲ್ಲ. ಆಕೆಯನ್ನು ಇಬ್ಬರು ಕೈಹಿಡಿದು ಮೆಟ್ಟಿಲಿಳಿಸಿ, ಕೆಳಗಿನಿಂದ ಇನ್ನೊಂದು ಆಟೋ ಮಾಡಿ ಕಳುಹಿಸಿದರಂತೆ. ಆ ಚಾಲಕನ ಫೋನಿನಲ್ಲಿದ್ದದ್ದು ನಾನು ಗೆರೆ ಎಳೆದ ನಕ್ಷೆಯೋ ಬೇರೊಂದೋ? ಕೇಳುವ ಧೈರ್ಯವಾಗಲಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂಬುದನ್ನು ಮಾತ್ರ ಕೇಳಿ ತಿಳಿದುಕೊಂಡೆ. ಅಲ್ಲಿಯೇ ಜಗಲಿಯ ಮೇಲೆ ಕುಳಿತು, ಗಾಡಿದಾರಿಯೆಂದು ಬರೆದದ್ದನ್ನು ಅಳಿಸಿ ಮೆಟ್ಟಿಲು ಎಂದು ಬರೆದೆ.

ಆ ಸ್ವಯಂಸೇವಕರ ನಡುವೆ ಒಂದು ಸೂತ್ರವಿದೆ: ನೆಲದ ಮೇಲೆ ಇಂದು ಏನಿದೆಯೋ ಅದೇ ನಕ್ಷೆಯಲ್ಲಿರಬೇಕು. ಕೇಳಲು ಬಹಳ ಸುಲಭವಾದ ಮಾತು. ಆದರೆ ಆ ಸೂತ್ರ ನಮ್ಮ ನೆಲದಲ್ಲಿ ಎಷ್ಟು ಕಡೆ ಎಡವುತ್ತದೆ ಎಂಬುದು ತಿದ್ದುಪಡಿಗಳ ಕೆಳಗಿನ ಚರ್ಚೆಗಳನ್ನು ಓದಿದರೆ ತಿಳಿಯುತ್ತದೆ. ಕೆರೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ತೆಗೆದ ಆಕಾಶಚಿತ್ರದಲ್ಲಿ ನಮ್ಮ ಬಯಲುಸೀಮೆಯ ಕೆರೆ ಒಂದು ಬೋಳು ಮೈದಾನ. ಎಲ್ಲೋ ಶೀತಲ ದೇಶದಲ್ಲಿ ಕುಳಿತ ಒಬ್ಬ ಸಜ್ಜನ ಅದನ್ನು ನೋಡಿ, ಇಲ್ಲಿ ನೀರಿಲ್ಲ ಎಂದು ಪ್ರಾಮಾಣಿಕವಾಗಿಯೇ ಕೆರೆಯನ್ನು ಅಳಿಸುತ್ತಾನೆ. ನೀರಿದ್ದರೆ ಸರೋವರ, ಇಲ್ಲದಿದ್ದರೆ ಇಲ್ಲ, ಎಂಬುದು ಅವನು ಕಂಡ ಪ್ರಪಂಚದ ನಿಯಮ. ನಮಗೆ ಕೆರೆಯೆಂದರೆ ನೀರಷ್ಟೇ ಅಲ್ಲ. ಏರಿ, ತೂಬು, ಕೋಡಿ, ಅಂಗಳ ಇವೆಲ್ಲ ಸೇರಿ ಕೆರೆ; ನೀರು ಅದಕ್ಕೆ ಬಂದು ಹೋಗುವ ನಂಟ. ಬೇಸಿಗೆಯಲ್ಲಿ ಅಂಗಳದಲ್ಲಿ ದನ ಮೇಯುತ್ತವೆ, ಹುಡುಗರು ಚೆಂಡಾಡುತ್ತಾರೆ, ಆದರೂ ಅದು ಕೆರೆಯೇ. ಅದೃಷ್ಟವಶಾತ್, ನೀರು ಕಾಲಕ್ಕೆ ತಕ್ಕಂತೆ ಬಂದು ಹೋಗುತ್ತದೆಂದು ಗುರುತಿಸುವ ಒಂದು ಲಕ್ಷಣ ಈ ನಕ್ಷೆಯ ಪರಿಭಾಷೆಯಲ್ಲಿದೆ. ಅದನ್ನು ಸೇರಿಸಿ, ಏಕೆ ಸೇರಿಸಿದೆನೆಂದು ಎರಡು ಸಾಲು ಬರೆದರೆ ಮುಂದಿನ ಏಪ್ರಿಲ್‌ನಲ್ಲಿ ಬರುವವನು ಅಳಿಸುವ ಮುನ್ನ ನಿಂತು ಯೋಚಿಸುತ್ತಾನೆ. ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಇಂದು ಯಾವುದೋ ನಕ್ಷೆಯಲ್ಲಿ ಖಾಲಿ ನೆಲವೆಂದು ಕಂಡದ್ದು ನಾಳೆ ಯಾರದೋ ಕಣ್ಣಿಗೆ ನಿವೇಶನವಾಗಿ ಕಾಣುತ್ತದೆ.

ಇದರ ಎದುರು ತುದಿಯ ವಾದವೂ ಉಂಟು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಇವನ್ನೂ ನಕ್ಷೆಯಲ್ಲಿ ಕೆರೆಯೆಂದು ತೋರಿಸಬೇಕೆಂಬ ಆಸೆ ನನ್ನಂಥ ವಯಸ್ಸಿನವರಿಗೆ ಆಗಾಗ ಬರುತ್ತದೆ. ಇಲ್ಲ, ಹೋದದ್ದು ಹೋಯಿತು, ಹಳೆಯದಕ್ಕೆ ಬೇರೆಯೇ ಒಂದು ಐತಿಹಾಸಿಕ ನಕ್ಷೆಯಿದೆ, ಅಲ್ಲಿ ಬರೆಯಿರಿ, ಎಂದು ಕಿರಿಯರು ವಿನಯದಿಂದಲೇ ತಡೆಯುತ್ತಾರೆ. ತಡೆದದ್ದು ಸರಿ. ಬಸ್ಸು ಹತ್ತಬೇಕಾದವನನ್ನು ನೀರಿಗೆ ಕಳುಹಿಸಬಾರದು.

ಹೆಸರಿನ ವಿಷಯದಲ್ಲಿ ಮಾತ್ರ ಅವರ ಸೂತ್ರ ನನಗೆ ಸಾಲದು ಎನಿಸಿದೆ. ನೆಲದ ಮೇಲೆ ರಸ್ತೆಯಿರುತ್ತದೆ. ಹೆಸರಿರುವುದು ನಾಲಗೆಯ ಮೇಲೆ. ನಿಲ್ದಾಣದ ಫಲಕದಲ್ಲಿ ಕೆಂಪೇಗೌಡರ ಹೆಸರಿದ್ದರೂ ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್’ ಎಂದೇ. ಅದು ಒಂದು ಚಿತ್ರಮಂದಿರದಿಂದ ಬಂದ ಹೆಸರು. 1948ರಲ್ಲಿ ಸೌತ್ ಪೆರೇಡ್ ಹೋಗಿ ಮಹಾತ್ಮಾ ಗಾಂಧಿ ರಸ್ತೆ ಬಂತು, ಇಂದು ಎಂ.ಜಿ. ರಸ್ತೆಯೆಂದರಲ್ಲದೆ ಆಟೋ ಹೊರಡದು. ಫಲಕದ ಹೆಸರು, ರೂಢಿಯ ಹೆಸರು, ಹಳೆಯ ಹೆಸರು ಎಲ್ಲಕ್ಕೂ ನಕ್ಷೆಯಲ್ಲಿ ಬೇರೆ ಬೇರೆ ಮನೆಗಳಿವೆ. ಜಗಳವೆಲ್ಲ ಯಾವುದನ್ನು ಮುಂದಿನ ಕೋಣೆಯಲ್ಲಿ ಕೂರಿಸಬೇಕೆಂಬುದಕ್ಕೆ. ದೇಶದೇಶಗಳ ಗಡಿ ಹಾಗೂ ಅಲ್ಲಿಯ ಊರುಗಳ ಹೆಸರಿಗಾಗಿ ನಡೆಯುವ ಜಗಳಗಳು ವಿಕೋಪಕ್ಕೆ ಹೋದರೆ ತೀರ್ಪು ಹೇಳಲು ಸ್ವಯಂಸೇವಕರದೇ ಒಂದು ಮಂಡಲಿಯಿದೆ. ಆ ದೊಡ್ಡ ಜಗಳಗಳ ತಂಟೆಗೆ ನಾನು ಹೋಗಿಲ್ಲ.

ನನ್ನ ಪಾಲಿಗೆ ಬಂದದ್ದು ಚಿಕ್ಕ ಕೆಲಸ. ನಮ್ಮ ಊರುಗಳ ಹೆಸರಿಗೆ ನಕ್ಷೆಯಲ್ಲಿ ಕನ್ನಡದ ರೂಪವನ್ನೂ ಬರೆಯಲು ಸ್ಥಳವಿದೆ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಗೆ ತಿರುಗಿದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಹಳ್ಳಿಗಳ ಗತಿಯೇನು? ಅವುಗಳ ಹೆಸರನ್ನು ರೋಮನ್ ಅಕ್ಷರದಿಂದ ಯಂತ್ರದ ಮೂಲಕ ಕನ್ನಡಕ್ಕೆ ತಿರುಗಿಸುವ ಉತ್ಸಾಹಿಗಳಿದ್ದಾರೆ. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಪರಿಣಾಮವಾಗಿ ‘ಹಳ್ಳಿ’ಯೆಲ್ಲ ‘ಹಲ್ಲಿ’ಯಾಗುತ್ತದೆ, ‘ಪಾಳ್ಯ’ವೆಲ್ಲ ‘ಪಲ್ಯ’ವಾಗುತ್ತದೆ. ಪಾಳೆಯಗಾರರ ದಂಡು ಬೀಡುಬಿಟ್ಟಿದ್ದ ಸ್ಥಳ ಊಟದ ಎಲೆಯ ಬದಿಗೆ ಬಂದು ಕೂರುತ್ತದೆ. ನಗು ಬರುತ್ತದೆ, ನಿಜ. ಆದರೆ ತನ್ನ ಊರಿನ ಹೆಸರನ್ನು ಮೊದಲ ಸಲ ನಕ್ಷೆಯಲ್ಲಿ ಓದುವ ಹಳ್ಳಿಯ ಮಗುವಿಗೆ ಅದು ನಗುವ ಸಂಗತಿಯಲ್ಲ. ಒಂದೊಂದನ್ನೇ ತಿದ್ದುತ್ತಿದ್ದೇನೆ. ಅಲ್ಲಿಯೂ ಅದೇ ಪ್ರಶ್ನೆ ನನ್ನನ್ನು ಹಿಂಬಾಲಿಸುತ್ತದೆ. ಒಂದು ಊರಿನ ಹೆಸರಿನಲ್ಲಿ ಲಕಾರವೇ ಸರಿಯೆಂದು ನಿಘಂಟನ್ನು ನಂಬಿ ಬರೆದೆ. ಆ ಊರಿನ ಶಾಲೆಯ ಫಲಕದ ಚಿತ್ರವನ್ನು ಒಬ್ಬರು ತೆಗೆದು ತೋರಿಸಿದರು. ಅಲ್ಲಿ ಳಕಾರವಿತ್ತು.

ಹಾಗೆಂದು ದೂರದಲ್ಲಿ ಕುಳಿತು ಬರೆಯುವವರನ್ನೆಲ್ಲ ಹಳಿಯುವುದು ನ್ಯಾಯವಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಅದರ ರಾಜಧಾನಿಯಾದ ಪೋರ್ಟ್-ಒ-ಪ್ರಿನ್ಸ್‌ಗೆ ಕೈಗೆ ಸಿಕ್ಕುವಂಥ ವಿವರವಾದ ಬೀದಿನಕ್ಷೆಯಿರಲಿಲ್ಲ. ಎಂದೂ ಆ ನೆಲವನ್ನು ಮೆಟ್ಟದ ನೂರಾರು ಜನ, ಉಪಗ್ರಹ ಚಿತ್ರಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಬೀದಿಗಳನ್ನೂ ಕುಸಿದ ಕಟ್ಟಡಗಳನ್ನೂ ನಿರಾಶ್ರಿತರ ಶಿಬಿರಗಳನ್ನೂ ಗುರುತಿಸಿದರು. ರಕ್ಷಣೆಯ ತಂಡಗಳು ಅದನ್ನೇ ಹಿಡಿದು ನಡೆದವು. ಹೋಗಿ ನೋಡಿದವರು ಮಾತ್ರ ಬರೆಯಲಿ ಎಂದು ಪಟ್ಟುಹಿಡಿದಿದ್ದರೆ ಅಂದು ಬರೆಯುವವರೇ ಇರುತ್ತಿರಲಿಲ್ಲ. ದೂರದ ಕಣ್ಣು ಗೆರೆ ಎಳೆಯಬಲ್ಲದು. ಅದು ಬೀದಿಯೋ ಮೆಟ್ಟಿಲೋ ಎಂಬುದನ್ನು, ಅದರ ಹೆಸರೇನೆಂಬುದನ್ನು ಹೇಳಲು ಕಾಲೇ ಬೇಕು. ನಮ್ಮ ದೇಶದಲ್ಲಿಯೂ 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಸಡಿಲಿಸಿ, ನಕ್ಷೆ ತಯಾರಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ಕಟ್ಟನ್ನು ಭಾರತೀಯರಿಗೆ ತೆಗೆದುಹಾಕಿತು. ಲ್ಯಾಂಬ್ಟನ್ನನ ಸರಪಳಿ ಕೈಬದಲಾಯಿಸಿದೆ. ಹಿಡಿಯುವ ಕೈಗಳು ಮಾತ್ರ ಇನ್ನೂ ಕಡಮೆ.

ನನ್ನ ಓಣಿಯ ವ್ಯಾಜ್ಯ ಅಲ್ಲಿಗೇ ಮುಗಿಯಲಿಲ್ಲ. ಮೆಟ್ಟಿಲೆಂದು ತಿದ್ದಿದ ಮೇಲೆ ಆ ಅಪರಿಚಿತ ಮಿತ್ರರು ಧನ್ಯವಾದ ಬರೆದು, ಎಷ್ಟು ಮೆಟ್ಟಿಲುಗಳೆಂಬುದನ್ನೂ ಸೇರಿಸಬಹುದಲ್ಲ ಎಂದರು. ಎಣಿಸಿ ಇಪ್ಪತ್ಮೂರು ಎಂದು ಬರೆದೆ. ಅವರು ಇಪ್ಪತ್ತೆರಡು ಎಂದು ತಿದ್ದಿದರು. ಕೆಳಗಿನ ಚಪ್ಪಡಿ ಬೀದಿಗೆ ಸೇರಿದ್ದೆಂಬುದು ಅವರ ವಾದ. ಅದನ್ನು ಒಪ್ಪಿಕೊಂಡೆ. ಮೊನ್ನೆ ಮತ್ತೆ ಒಂದು ಸಾಲು ಬಂದಿದೆ. ಈಚೆಗೆ ಮೆಟ್ಟಿಲುಗಳ ಬದಿಗೆ ಕಬ್ಬಿಣದ ಹಿಡಿಗಂಬಿ ಹಾಕಿದ್ದಾರಂತೆ; ಬಲಗಡೆಗೋ ಎಡಗಡೆಗೋ ಅವರಿಗೆ ಹೇಳಿದವರಿಗೆ ನೆನಪಿಲ್ಲವಂತೆ. ಬರುವ ಭಾನುವಾರ ಊರಿಗೆ ಹೋಗುವವನಿದ್ದೇನೆ.